ಎರಡು ಟಿಕೆಟ್, ಒಂದು ತಾಸು ಐವತ್ತು ನಿಮಿಷ: ಸಿಂಧನೂರಿನವರಿಗೆ ಉತ್ತರ

ಸಿಂಧನೂರಿನವರ ಪೋಸ್ಟ್ ಈಗ ನೋಡಿದೆ. ಡಿಸೆಂಬರ್ ಕೊನೆ ವಾರ ಅಪ್ಪ ಅಮ್ಮನನ್ನು ಶಿಕಾಗೋದಲ್ಲಿರುವ ಅಕ್ಕನ ಮನೆಗೆ ಕರೆದುಕೊಂಡು ಹೊರಟಿದ್ದೀರಿ. ಹೈದರಾಬಾದ್‌ನಿಂದ ದೆಹಲಿಗೆ ಒಂದು ಟಿಕೆಟ್. ದೆಹಲಿ, ಫ್ರಾಂಕ್‌ಫರ್ಟ್, ಶಿಕಾಗೋ ಬೇರೆ ಟಿಕೆಟ್. ದೆಹಲಿಗೆ ರಾತ್ರಿ 11:20ಕ್ಕೆ ಇಳಿದು 1:10ಕ್ಕೆ ಹತ್ತಬೇಕು. ಫ್ರಾಂಕ್‌ಫರ್ಟ್‌ನಲ್ಲಿ 1 ತಾಸು 15 ನಿಮಿಷ. ಹೀಗೆ ಮಾಡಿದ್ದಕ್ಕೆ 14,000 ಉಳಿಯಿತು, ನಿನ್ನೆ ರಾತ್ರಿ ಒಂಬತ್ತಕ್ಕೆ ಬುಕ್ ಮಾಡಿದೆ, ಸರಿ ಇದೆಯಾ ಅಂತ ಕೇಳಿದ್ದೀರಿ. ಆಗಲೇ ಇಬ್ಬರು ‘ಆರಾಮಾಗಿ ಸಿಗುತ್ತದೆ’ ಅಂತ ಹೆಬ್ಬೆಟ್ಟು ಒತ್ತಿದ್ದಾರೆ. ಅವರು ಬೆನ್ನಿಗೆ ಒಂದು ಬ್ಯಾಗ್ ಹಾಕಿಕೊಂಡು ಓಡುವ ವಯಸ್ಸಿನವರು ಇರಬೇಕು.

ಸರಿ ಇಲ್ಲ. ನೀವು ನನಗಿಂತ ಚಿಕ್ಕವರು, ತಮ್ಮ ಅಂತ ತಿಳಿದು ಸ್ವಲ್ಪ ಬೈಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದೇ ತಪ್ಪನ್ನು 2018ರಲ್ಲಿ ನಾನೇ ಮಾಡಿದ್ದೆ.

ಮಗಳ ಬಾಣಂತನಕ್ಕೆ ನಾನು, ನನ್ನ ಹೆಂಡತಿ ಹೊರಟಿದ್ದೆವು. ಹೈದರಾಬಾದ್‌ನಿಂದ ಮುಂಬೈಗೆ ಒಂದು ಕಂಪನಿ, ಅಲ್ಲಿಂದ ಮುಂದೆ ಇನ್ನೊಂದು. ನಡುವೆ ಎರಡು ತಾಸು. ಉಳಿತಾಯ 11,000. ನನ್ನ ಬುದ್ಧಿ ನೋಡಿ: ರಾಯಚೂರಿನಿಂದ ಕಾರು ಮಾಡಿಕೊಂಡು, ಮಖ್ತಲ್‌ನಲ್ಲಿ ಚಹಾ ಕುಡಿದು, ಹೈದರಾಬಾದಿನ ಶಂಶಾಬಾದ್ ಏರ್‌ಪೋರ್ಟಿಗೆ ಐದು ತಾಸು ಮೊದಲೇ ಹೋಗಿ ಕೂತಿದ್ದೆ. ಮುಂಬೈಯ ಡೊಮೆಸ್ಟಿಕ್ ಫ್ಲೈಟಿಗೆ ಐದು ತಾಸು, ಅಮೆರಿಕದ ಫ್ಲೈಟಿಗೆ ಎರಡು ತಾಸು! ಲಗೇಜ್ ತೂಕಕ್ಕೆ ಹಾಕಿದಾಗಲೇ ಮೊದಲ ಏಟು. ಅಮೆರಿಕದ ಟಿಕೆಟಿಗೆ ತಲಾ 23 ಕೆಜಿಯ ಎರಡು ಪೆಟ್ಟಿಗೆ ಬಿಡುತ್ತಿದ್ದರು. ಡೊಮೆಸ್ಟಿಕ್ ಟಿಕೆಟಿಗೆ ತಲಾ 15 ಕೆಜಿ ಅಷ್ಟೇ. ಕೌಂಟರಿನ ಹುಡುಗನಿಗೆ ಆ ಇನ್ನೊಂದು ಟಿಕೆಟ್ ತೋರಿಸಿದೆ. ‘ಸರ್, ಅದಕ್ಕೂ ನಮಗೂ ಸಂಬಂಧ ಇಲ್ಲ’ ಅಂದ. ಜಾಸ್ತಿ ಇದ್ದ 30 ಕೆಜಿಗೆ ಸುಮಾರು 12,000 ಕಟ್ಟಿದೆ. ಉಳಿಸಿದ ದುಡ್ಡು ನೆಲ ಬಿಡುವ ಮೊದಲೇ ಹೋಯಿತು.

ಫ್ಲೈಟ್ 50 ನಿಮಿಷ ತಡ. ಮುಂಬೈಯಲ್ಲಿ ನಮ್ಮನ್ನು ಇಳಿಸಿದ್ದು ಟರ್ಮಿನಲ್ 1ರಲ್ಲಿ, ಹತ್ತಬೇಕಾದದ್ದು ಟರ್ಮಿನಲ್ 2ರಲ್ಲಿ. ಎರಡರ ನಡುವೆ ಊರಿನ ರಸ್ತೆ, ಊರಿನ ಟ್ರಾಫಿಕ್. ಬೆಲ್ಟಿನ ಮೇಲೆ ಪೆಟ್ಟಿಗೆ ಬರುವಷ್ಟರಲ್ಲಿ ಆ ಕಡೆ ಕೌಂಟರ್ ಮುಚ್ಚಿತ್ತು. ವಿಮಾನ ಇನ್ನೂ ನಿಂತಿತ್ತು, ಕಣ್ಣಿಗೆ ಕಾಣುತ್ತಿತ್ತು. ‘ನೋ ಶೋ’, ಅಂದರೆ ಪ್ರಯಾಣಿಕ ಬರಲೇ ಇಲ್ಲ ಅಂತ ಬರೆದುಕೊಂಡರು. ತಪ್ಪು ಅವರದ್ದಲ್ಲ. ಅವರ ಪ್ರಕಾರ ನಾನು ಮನೆಯಿಂದಲೇ ತಡವಾಗಿ ಬಂದವನು. ಹಿಂದಿನ ಫ್ಲೈಟ್ ತಡವಾದದ್ದು ಅವರ ತಲೆನೋವಲ್ಲ. ಮರುದಿನದ ಹೊಸ ಟಿಕೆಟಿಗೆ ಇಬ್ಬರಿಗೂ ಸೇರಿ ಒಂದೂವರೆ ಲಕ್ಷದ ಹತ್ತಿರ ಬಿತ್ತು. ಆ ರಾತ್ರಿ ಹೆಂಡತಿ ಒಂದು ಮಾತೂ ಆಡಲಿಲ್ಲ. ಮಗಳಿಗೆ ಅಂತ ಕಟ್ಟಿದ್ದ ಖಡಕ್ ರೊಟ್ಟಿ ಬಿಚ್ಚಿ, ಶೇಂಗಾ ಪುಡಿ ಹಚ್ಚಿ ನನ್ನ ಕೈಗೆ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ನಿಮ್ಮ ದೆಹಲಿ ಲೆಕ್ಕ ಹಾಕಿ. ಒಂದು ತಾಸು ಐವತ್ತು ನಿಮಿಷ ಅಂತ ಮನಸ್ಸಿನಲ್ಲಿಟ್ಟುಕೊಂಡಿದ್ದೀರಿ. ಅದು ಇಲ್ಲ. ಇಂಟರ್‌ನ್ಯಾಷನಲ್ ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲು ಮುಚ್ಚುತ್ತದೆ, ಕೆಲವರದ್ದು ಇನ್ನೂ ಮುಂಚೆ. ಅಂದರೆ 12:10. ನಿಮ್ಮ ಕೈಯಲ್ಲಿರುವುದು 50 ನಿಮಿಷ. ಅಷ್ಟರಲ್ಲಿ ಇಳಿಯಬೇಕು, ಬೆಲ್ಟಿನ ಹತ್ತಿರ ಕಾಯಬೇಕು, ಟರ್ಮಿನಲ್ 1ರಲ್ಲಿ ಇಳಿಸಿದರೆ ಬಸ್ಸು ಹಿಡಿದು 3ಕ್ಕೆ ಹೋಗಬೇಕು, ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಡಿಸೆಂಬರ್ ಕೊನೆ ಅಂದರೆ ದೆಹಲಿಯಲ್ಲಿ ಮಂಜು. ಮಂಜಿನ ದಿನ ಫ್ಲೈಟ್ ಬೇರೆ ಊರಿಗೆ ತಿರುಗಿಸುವುದೂ ಉಂಟು.

ನನ್ನ ಪದ್ಧತಿ ಇಷ್ಟೇ. ಒಂದು ಚೀಟಿ ತಗೊಂಡು ಹಿಂದಿನಿಂದ ಎಣಿಸಿ. ಟಿಕೆಟಿನಲ್ಲಿ ಕಾಣುವ ಸಮಯ ವಿಮಾನ ಹೊರಡುವುದು. ಗೇಟ್ ಮುಚ್ಚುವುದು ಅದಕ್ಕಿಂತ 20 ನಿಮಿಷ ಮೊದಲು ಅಂತ ಹಿಡಿಯಿರಿ. ನಿಮ್ಮ ಫ್ರಾಂಕ್‌ಫರ್ಟ್ 75 ನಿಮಿಷದಲ್ಲಿ 20 ಹೋಯಿತು, 55 ಉಳಿಯಿತು. ಹಿಂದಿನ ಸೀಟಿನಿಂದ ಹೊರಗೆ ಬರುವುದಕ್ಕೆ 15. ಭಾರತದಿಂದ ಬಂದವರಿಗೆ ಅಲ್ಲಿ ಮತ್ತೆ ಸೆಕ್ಯೂರಿಟಿ ಇದೆ, ಸಾಲು ಚಿಕ್ಕದಿದ್ದರೆ 20. ನಡೆಯುವುದು 15. ಉಳಿದದ್ದು ಐದು ನಿಮಿಷ. ಅಮ್ಮ ಬಾತ್‌ರೂಮಿಗೆ ಹೋಗಬೇಕು ಅಂದರೆ ಮುಗಿಯಿತು. ಅಮೆರಿಕದ ಗೇಟಿನಲ್ಲಿ ಪಾಸ್‌ಪೋರ್ಟು, ವೀಸಾ ಇನ್ನೊಂದು ಸಲ ನೋಡುತ್ತಾರೆ, ಅದನ್ನು ನಾನು ಎಣಿಸೇ ಇಲ್ಲ.

‘ಹಾಗಾದರೆ ಕಂಪನಿಯವರು ಯಾಕೆ ಮಾರುತ್ತಾರೆ?’ ಅಂತ ಕೇಳಬಹುದು. ಪ್ರತಿ ಏರ್‌ಪೋರ್ಟಿಗೂ ಒಂದು ಕನಿಷ್ಠ ಸಮಯ ಅಂತ ಇರುತ್ತದೆ. ಫ್ರಾಂಕ್‌ಫರ್ಟಿಗೆ ಅದು 45 ನಿಮಿಷ. ಅದಕ್ಕಿಂತ ಜಾಸ್ತಿ ಇದ್ದರೆ ಒಂದೇ ಟಿಕೆಟಿನಲ್ಲಿ ಮಾರಬಹುದು. ಆದರೆ ಆ ಲೆಕ್ಕ ನಿಮ್ಮ ತಂದೆಯ ಮೊಣಕಾಲು ನೋಡಿ ಹಾಕಿದ್ದಲ್ಲ.

ಇನ್ನೊಂದು ಮಾತು. ಬಹಳ ಜನ ಲೇಓವರ್, ಅಂದರೆ ಎರಡು ಫ್ಲೈಟಿನ ನಡುವಿನ ಹೊತ್ತು, ಎಷ್ಟು ತಾಸು ಅಂತ ಮಾತ್ರ ಕೇಳುತ್ತಾರೆ. ನಾನು ಮೊದಲು ಕೇಳುವುದು, ಇದು ತಪ್ಪಿದರೆ ಮುಂದಿನದು ಯಾವಾಗ? ರಾಯಚೂರಿನಿಂದ ಮಾನ್ವಿ ಬಸ್ಸು ತಪ್ಪಿದರೆ ಯಾರೂ ಅಳುವುದಿಲ್ಲ, ಸ್ವಲ್ಪ ಹೊತ್ತಿಗೆ ಇನ್ನೊಂದು ಬರುತ್ತದೆ. ಒಳಗಿನ ಹಳ್ಳಿಯ ವಸ್ತಿ ಬಸ್ಸು ತಪ್ಪಿದರೆ ಸ್ಟ್ಯಾಂಡಿನಲ್ಲೇ ಟವೆಲ್ ಹಾಸಬೇಕು. ವಿಮಾನಕ್ಕೂ ಅದೇ. ಫ್ರಾಂಕ್‌ಫರ್ಟ್‌ನಿಂದ ಶಿಕಾಗೋಕ್ಕೆ ಲುಫ್ತಾನ್ಸಾ, ಯುನೈಟೆಡ್ ಎರಡೂ ಹೋಗುತ್ತವೆ, ಒಂದೇ ಟಿಕೆಟ್ ಆಗಿದ್ದರೆ ಒಂದರಿಂದ ಇನ್ನೊಂದಕ್ಕೆ ಹಾಕಿಸಿಕೊಳ್ಳಬಹುದು. ದಿನಕ್ಕೊಂದೇ ಫ್ಲೈಟ್ ಇರುವ ಊರಾದರೆ ನಾಲ್ಕು ತಾಸಿನ ಲೇಓವರ್ ಇದ್ದರೂ ನನಗೆ ಹೆದರಿಕೆ. ಹಬ್ಬದ ಸೀಸನ್‌ನಲ್ಲಿ ಮುಂದಿನ ಫ್ಲೈಟ್ ಇದ್ದರೂ ಮೂರು ಸೀಟು ಒಟ್ಟಿಗೆ ಸಿಗಬೇಕಲ್ಲ? ನೀವು ಹೊರಟಿರುವುದು ಕ್ರಿಸ್‌ಮಸ್ ವಾರದಲ್ಲಿ.

ಒಂದೇ ಟಿಕೆಟ್ ಹೌದೋ ಅಲ್ಲವೋ ಅಂತ ನೋಡುವುದಕ್ಕೆ ಪಿಎನ್‌ಆರ್ ನಂಬಬೇಡಿ. ಕೆಲವು ಬುಕಿಂಗ್ ಸೈಟುಗಳು ಎರಡು ಟಿಕೆಟನ್ನು ಸೇರಿಸಿ ತಮ್ಮದೇ ಒಂದು ನಂಬರ್ ಕೊಡುತ್ತವೆ. ಸಣ್ಣಕ್ಷರದಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಅಂತ ಬರೆದಿರುತ್ತಾರೆ, ಅಂದರೆ ನಡುವೆ ಫ್ಲೈಟ್ ಬದಲಾಯಿಸುವುದು ನಿಮ್ಮದೇ ಹೊಣೆ. ಆ ಎರಡು ಶಬ್ದ ಕಂಡರೆ ಪೇಜ್ ಮುಚ್ಚಿಬಿಡಿ. ಇ-ಟಿಕೆಟಿನಲ್ಲಿ 13 ಅಂಕಿಯ ಟಿಕೆಟ್ ನಂಬರ್ ಇರುತ್ತದೆ, ಅದನ್ನು ಹುಡುಕಿ. ಮೊದಲ ಮೂರು ಅಂಕಿ ಕಂಪನಿಯದು: 098 ಏರ್ ಇಂಡಿಯಾ, 176 ಎಮಿರೇಟ್ಸ್, 157 ಕತಾರ್, 220 ಲುಫ್ತಾನ್ಸಾ. ಹೋಗುವ ಎಲ್ಲ ಫ್ಲೈಟುಗಳೂ ಒಬ್ಬರ ಒಂದೇ ನಂಬರಿನ ಕೆಳಗೆ ಬಂದರೆ ಸರಿ. ಕಂಪನಿ ಬೇರೆ ಬೇರೆ ಇದ್ದರೂ ಪರವಾಗಿಲ್ಲ, ನಂಬರ್ ಒಂದಿರಬೇಕು. ಆಗ ತಪ್ಪಿಸಿಕೊಂಡರೆ ಮುಂದಿನದಕ್ಕೆ ಹಾಕುವುದು ಅವರ ಕೆಲಸ.

ಯೂರೋಪ್ ದಾರಿಯಲ್ಲಿ ಇನ್ನೂ ಒಂದು ಲಾಭ ಇದೆ. ಅಲ್ಲಿಯ 2004ರ 261ನೇ ನಿಯಮದ ಪ್ರಕಾರ, ಅಲ್ಲಿಯ ಕಂಪನಿಯ ಒಂದೇ ಬುಕಿಂಗಿನಲ್ಲಿ ಹೋಗಿ, ಅವರದೇ ತಪ್ಪಿನಿಂದ ಕೊನೆಯ ಊರಿಗೆ ತುಂಬಾ ತಡವಾಗಿ ಮುಟ್ಟಿದರೆ ದೂರದ ಪ್ರಯಾಣಕ್ಕೆ ತಲಾ 600 ಯೂರೋವರೆಗೆ ಪರಿಹಾರ ಇದೆ. ಮಂಜು, ಬಿರುಗಾಳಿಗೆ ಇಲ್ಲ. ಕೇಳದಿದ್ದರೆ ಯಾರೂ ಮನೆಗೆ ತಂದು ಕೊಡುವುದಿಲ್ಲ.

ಅಷ್ಟಕ್ಕೂ ದೆಹಲಿ ಯಾಕೆ ಬೇಕು? ಉತ್ತರಕ್ಕೆ ಹೋಗಿ ಮತ್ತೆ ಪಶ್ಚಿಮಕ್ಕೆ! ಹೈದರಾಬಾದ್‌ನಿಂದಲೇ ನೇರವಾಗಿ ದೋಹಾ, ದುಬೈ, ಅಬುಧಾಬಿಗೆ ಫ್ಲೈಟ್ ಇವೆ. ಫ್ರಾಂಕ್‌ಫರ್ಟಿಗೂ 2024ರ ಜನವರಿಯಲ್ಲಿ ಶುರುವಾಯಿತು. ಶಂಶಾಬಾದ್ ನಮ್ಮ ಕಡೆಯಿಂದ ಹೋಗುವಾಗ ಊರಿಗಿಂತ ಮೊದಲೇ ಸಿಗುತ್ತದೆ, ಹೈದರಾಬಾದ್ ಟ್ರಾಫಿಕ್ ಕೂಡ ಇಲ್ಲ. ಒಂದೇ ಕಡೆ ಬದಲಾಯಿಸುವುದು. ವಯಸ್ಸಾದವರ ಜೊತೆ ಎರಡು ಕಡೆ ಬದಲಾಯಿಸುವುದು ಬೇಡವೇ ಬೇಡ.

ನಾನು ದೋಹಾ ಪಕ್ಷದವನು, ಮೊದಲೇ ಹೇಳಿಬಿಡುತ್ತೇನೆ. ಒಂದೇ ಟರ್ಮಿನಲ್, ಒಳಗೇ ಸಣ್ಣ ರೈಲು, ನಡುವೆ ದೊಡ್ಡ ಹಳದಿ ಕರಡಿಯ ಮೂರ್ತಿ. ‘ತಪ್ಪಿಸಿಕೊಂಡರೆ ಕರಡಿ ಹತ್ತಿರ ಬಾ’ ಅಂತ ಹೆಂಡತಿಗೆ ಹೇಳಿಟ್ಟಿದ್ದೆ. ಕೊನೆಗೆ ಕರಡಿ ಹತ್ತಿರ ಕಾದು ನಿಂತವನು ನಾನೇ. ದುಬೈಯಲ್ಲಿ ಎಮಿರೇಟ್ಸ್‌ನಿಂದ ಎಮಿರೇಟ್ಸ್‌ಗೆ ಆದರೆ ಟರ್ಮಿನಲ್ 3 ಒಳಗೇ ಮುಗಿಯುತ್ತದೆ. ಫ್ಲೈದುಬೈ ಕಂಪನಿಯ ಫ್ಲೈಟ್ ಸೇರಿದ್ದರೆ ಟರ್ಮಿನಲ್ 2 ಇದೆಯಾ ನೋಡಿಕೊಳ್ಳಿ, ಅಲ್ಲಿಗೆ ಬಸ್ಸಿನಲ್ಲಿ ಹೋಗಬೇಕು. ಅಬುಧಾಬಿ ವಿಚಿತ್ರ: ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಸುತ್ತಾರೆ. ಶಿಕಾಗೋದಲ್ಲಿ ನಮ್ಮೂರಿಗೆ ಬಂದ ಹಾಗೆ ಆರಾಮಾಗಿ ಹೊರಗೆ ಬರಬಹುದು. ಆದರೆ ಅಬುಧಾಬಿಯಲ್ಲಿ ಮೂರು ತಾಸಾದರೂ ಇಟ್ಟುಕೊಳ್ಳಿ. ಗಲ್ಫ್ ದಾರಿಗೂ ತನ್ನ ತೊಂದರೆ ಇದೆ. 2025ರ ಜೂನ್‌ನಲ್ಲಿ ಕತಾರ್ ಕೆಲವು ತಾಸು ಆಕಾಶ ಮುಚ್ಚಿದಾಗ ಎಷ್ಟೋ ಜನ ಅಲ್ಲಲ್ಲೇ ಸಿಕ್ಕಿಬಿದ್ದರು. ಒಂದೇ ಟಿಕೆಟ್ ಇದ್ದವರನ್ನು ಮುಂದೆ ಕಳಿಸುವ ಹೊಣೆ ಕಂಪನಿಯ ಮೇಲಿತ್ತು.

ವೀಲ್‌ಚೇರ್ ಹಾಕಿಸಿ. ದುಡ್ಡಿಲ್ಲ, 48 ಗಂಟೆ ಮೊದಲು ಹೇಳಬೇಕು. ಅಪ್ಪ ‘ನನಗೇನಾಗಿದೆ’ ಅಂತ ರೇಗುತ್ತಾರೆ, ರೇಗಲಿ. ಆದರೆ ಇದನ್ನು ಯಾರೂ ಹೇಳುವುದಿಲ್ಲ: ವೀಲ್‌ಚೇರ್‌ನವರನ್ನು ವಿಮಾನದಿಂದ ಕೊನೆಗೆ ಇಳಿಸುತ್ತಾರೆ. ನನ್ನ ಚೀಟಿಯ 15 ನಿಮಿಷ 30 ಆಗುತ್ತದೆ. ಹಾಗಾಗಿ ವೀಲ್‌ಚೇರ್ ಇದ್ದರೆ ಲೇಓವರ್ ಎರಡೂವರೆ ತಾಸಿಗಿಂತ ಕಡಿಮೆ ಬೇಡ. ಎಂಟು ತಾಸೂ ಬೇಡ, ಕೂತು ಕೂತು ಕಾಲು ಊದುತ್ತದೆ.

ಕೆಳಗೆ ಗಂಗಾವತಿಯವರು ಶಿಕಾಗೋದಿಂದ ಡಲ್ಲಾಸ್‌ಗೆ ಒಂದೂವರೆ ತಾಸು ಸಾಕಾ ಅಂತ ಕೇಳಿದ್ದಾರೆ. ಸಾಲದು. ಅಬುಧಾಬಿಯಂಥ ದಾರಿ ಬಿಟ್ಟರೆ, ಅಮೆರಿಕದಲ್ಲಿ ಮೊದಲು ಇಳಿದ ಕಡೆಯೇ ಇಮಿಗ್ರೇಷನ್. ಪೆಟ್ಟಿಗೆಗೆ ಡಲ್ಲಾಸ್ ಟ್ಯಾಗ್ ಇದ್ದರೂ ತಗೊಂಡು, ಕಸ್ಟಮ್ಸ್ ದಾಟಿ, ಮತ್ತೆ ಬೆಲ್ಟಿಗೆ ಹಾಕಬೇಕು. ಶಿಕಾಗೋದಲ್ಲಿ ಇಳಿಯುವುದು ಟರ್ಮಿನಲ್ 5, ಡಲ್ಲಾಸ್ ಫ್ಲೈಟ್ ಬಹುತೇಕ ಬೇರೆ ಟರ್ಮಿನಲ್. ಮೂರು ತಾಸು ಬೇಕು. ವಾಪಸ್ ಬರುವಾಗಲೂ ಭಾರತದಲ್ಲಿ ಮೊದಲು ಇಳಿದ ಊರಿನಲ್ಲಿ ಸಾಮಾನ್ಯವಾಗಿ ಇದೇ ಕಥೆ. ಅಲ್ಲೂ ಒಂದೂವರೆ ತಾಸು ಇಟ್ಟುಕೊಂಡು ಬೆವರುವವರನ್ನು ನೋಡಿದ್ದೇನೆ.

ಟ್ರಾನ್ಸಿಟ್ ವೀಸಾ, ಅಂದರೆ ನಡುವೆ ಫ್ಲೈಟ್ ಬದಲಾಯಿಸುವ ದೇಶದ ವೀಸಾ, ನಿಮಗೆ ಚಿಂತೆ ಬೇಡ, ಮೂವರಿಗೂ ಅಮೆರಿಕದ ವೀಸಾ ಇದೆ. ಅದು ಇಲ್ಲದವರು ಮಾತ್ರ ಆಯಾ ರಾಯಭಾರ ಕಚೇರಿಯ ಸೈಟ್ ನೋಡಿಯೇ ಬುಕ್ ಮಾಡಿ, ಏಜೆಂಟ್ ಮಾತು ಕೇಳಿ ಅಲ್ಲ. ಫ್ರಾಂಕ್‌ಫರ್ಟ್ ಆಮೇಲೆ ಪ್ಯಾರಿಸ್ ಅಂತ ಯೂರೋಪಿನ ಒಳಗೇ ಎರಡು ಕಡೆ ಬದಲಾಯಿಸಿದರೆ ಆ ದೇಶಗಳಿಗೆಲ್ಲ ಸೇರಿ ಕೊಡುವ ಷೆಂಗೆನ್ ವೀಸಾನೇ ಬೇಕು. ಯೂರೋಪಿಗೇ ಹೋಗುವವರಿಗೆ 2025ರ ಅಕ್ಟೋಬರ್‌ನಿಂದ ಬೆರಳಚ್ಚು, ಫೋಟೋ ತೆಗೆಯುವುದು ಶುರುವಾಗಿದೆ. ಮೊದಲು ಇಳಿಯುವ ಊರಿನಲ್ಲಿ ಸಮಯ ಜಾಸ್ತಿ ಇಡಿ.

ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಇಲ್ಲಿ ಬಿಟ್ಟರೂ ನಡುವಿನ ಏರ್‌ಪೋರ್ಟಿನ ಸೆಕ್ಯೂರಿಟಿಯಲ್ಲಿ 100 ಮಿಲಿ ಲೆಕ್ಕ ಬರಬಹುದು. ಹೆಂಡತಿಯ ಒಂದು ಡಬ್ಬಿ ತುಪ್ಪ ಯೂರೋಪಿನ ಕಸದ ಬುಟ್ಟಿಗೆ ಹೋಗಿದೆ, ಇವತ್ತಿಗೂ ಅದರ ಮಾತು ನಿಂತಿಲ್ಲ. ಗುರೆಳ್ಳು ಪುಡಿ, ಶೇಂಗಾ ಪುಡಿ ಕೂಡ ಪೆಟ್ಟಿಗೆಗೇ ಹಾಕಿ. ಅಮೆರಿಕದ ಫ್ಲೈಟಿನಲ್ಲಿ ಕೈಚೀಲದ ಪುಡಿ 350 ಮಿಲಿ ದಾಟಿದರೆ ಬಿಚ್ಚಿ ನೋಡುತ್ತಾರೆ, ನಿಮ್ಮ ಹತ್ತು ನಿಮಿಷ ಹೋಗುತ್ತದೆ. ಇಡೀ ಒಣಕೊಬ್ಬರಿ ಪೆಟ್ಟಿಗೆಯಲ್ಲೂ ಬಿಡುವುದಿಲ್ಲ, ಎಣ್ಣೆ ಇರುವುದರಿಂದ ಬೆಂಕಿಯ ಭಯ. ಪೆಟ್ಟಿಗೆ ವಿಐಪಿ ಆಗಲಿ ಸಫಾರಿ ಆಗಲಿ, ಕಪ್ಪು ಬಣ್ಣ ಮಾತ್ರ ಬೇಡ. ಚೆಕ್‌ಇನ್‌ನಲ್ಲಿ ಟ್ಯಾಗಿನ ಮೇಲೆ ಕೊನೆಯ ಊರಿನ ಅಕ್ಷರ ಇದೆಯಾ ನೋಡಿ, ಶಿಕಾಗೋಕ್ಕೆ ಓಆರ್‌ಡಿ. ಬೇರೆ ಏನಾದರೂ ಇದ್ದರೆ ಅಲ್ಲೇ ಕೇಳಿ.

ಬಳ್ಳಾರಿ, ಹೊಸಪೇಟೆಯವರಿಗೆ ಒಂದು ಮಾತು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಳಗ್ಗೆ ಯಲಹಂಕಕ್ಕೆ ಇಳಿದು ಅದೇ ಬೆಳಗ್ಗೆ ಫ್ಲೈಟ್ ಹಿಡಿಯುವುದೂ ಎರಡು ಟಿಕೆಟಿನ ಆಟವೇ. ಗುಂತಕಲ್‌ನಲ್ಲಿ ರೈಲು ಎಷ್ಟು ಹೊತ್ತು ನಿಲ್ಲಬಹುದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಿಂದಿನ ದಿನವೇ ಹೋಗಿ. 2023ರ ಸೆಪ್ಟೆಂಬರ್‌ನಿಂದ ಬೆಂಗಳೂರು ಏರ್‌ಪೋರ್ಟಿನಲ್ಲಿ ಇಂಟರ್‌ನ್ಯಾಷನಲ್ ಎಲ್ಲ ಟರ್ಮಿನಲ್ 2ರಲ್ಲಿ, ಕ್ಯಾಬ್ ಡ್ರೈವರ್‌ಗೆ ಮೊದಲೇ ಹೇಳಿ.

ಅಯ್ಯೋ, ಮುಖ್ಯವಾದದ್ದೇ ಮರೆತೆ. ಅಮೆರಿಕಕ್ಕೆ ಹೋಗುವ ಟಿಕೆಟನ್ನು ಕಂಪನಿಯ ಸೈಟಿನಲ್ಲೇ, ಹೊರಡುವುದಕ್ಕೆ ಏಳು ದಿನ ಮೊದಲು ಬುಕ್ ಮಾಡಿದ್ದರೆ 24 ಗಂಟೆಯ ಒಳಗೆ ಪೂರ್ತಿ ದುಡ್ಡು ವಾಪಸ್ ಕೊಡುತ್ತಾರೆ, ಅಲ್ಲಿಯ ಸರ್ಕಾರದ ನಿಯಮ. ಬೇರೆ ಸೈಟಾದರೆ ಅವರವರ ನಿಯಮ, ಅದನ್ನೂ ಈಗಲೇ ಓದಿ. ದೆಹಲಿ ಟಿಕೆಟಿನ ಕ್ಯಾನ್ಸಲ್ ಚಾರ್ಜ್ ಹೋದರೆ ಹೋಗಲಿ. ನೀವು ಬುಕ್ ಮಾಡಿದ್ದು ನಿನ್ನೆ ರಾತ್ರಿ ಒಂಬತ್ತಕ್ಕೆ, ಈಗ ಸಂಜೆ ಐದೂವರೆ. ಮೊದಲು ಹೈದರಾಬಾದ್‌ನಿಂದ ಒಂದೇ ಟಿಕೆಟಿನಲ್ಲಿ ಮೂರು ಸೀಟು ಇದೆಯಾ ನೋಡಿ, ಆಮೇಲೆ ಕ್ಯಾನ್ಸಲ್ ಒತ್ತಿ. ಅದೇ ಕ್ರಮದಲ್ಲಿ.