ತಿದ್ದಿಕೊಂಡ ಶೋಕಿಲಾಲನೂ ಶ್ರೀಮಂತನ ಸೋದರಿಯೂ: ಅಂಥ ಮದುವೆಗಳು ನಿಜವಾಗಿ ನಡೆದದ್ದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. 1800ರ ಆಸುಪಾಸಿನ ಇಂಗ್ಲೆಂಡಿನ ಹಿನ್ನೆಲೆಯುಳ್ಳ ಪ್ರೇಮಕಾದಂಬರಿಗಳಲ್ಲಿ, ಜೂಜು, ಕುಡಿತ, ಹೆಣ್ಣುಗಳ ಚಪಲದಲ್ಲಿ ಮುಳುಗಿದ್ದ ತರುಣನೊಬ್ಬ ಅರ್ಲ್ ಅಥವಾ ಡ್ಯೂಕ್ ಎಂಬ ವಂಶಪಾರಂಪರ್ಯ ಬಿರುದಿನ ಶ್ರೀಮಂತನೊಬ್ಬನ ತಂಗಿಯನ್ನು ಪ್ರೀತಿಸಿ, ಅವಳಿಗಾಗಿ ತನ್ನನ್ನು ತಿದ್ದಿಕೊಂಡು, ಕೊನೆಗೆ ಅವಳ ಅಣ್ಣನ ಮನಸ್ಸನ್ನೂ ಗೆದ್ದು ಮದುವೆಯಾಗುತ್ತಾನೆ. ಇಂಥದ್ದು ಇತಿಹಾಸದಲ್ಲಿ ನಡೆದದ್ದುಂಟೇ, ಕನ್ನಡದಲ್ಲಿ ಅಂಥ ಕಥೆ ಬರೆಯಹೊರಟವರು ಏನನ್ನು ತಿಳಿದಿರಬೇಕು ಎಂದು ನೀವು ಕೇಳಿದ್ದೀರಿ. ನಡೆದದ್ದುಂಟು. ನನಗೆ ಅತ್ಯಂತ ಪ್ರಿಯವಾದ ಎರಡು ನಿದರ್ಶನಗಳು ಒಂದೇ ಮನೆತನಕ್ಕೆ ಸೇರಿದವು, ಮತ್ತು ಎರಡಕ್ಕೂ ನಮ್ಮ ಶ್ರೀರಂಗಪಟ್ಟಣದ ನಂಟಿದೆ. ಆದರೆ ಅವೆರಡೂ ಕಾದಂಬರಿಯ ದಾರಿಯಲ್ಲಿ ಸಾಗಲಿಲ್ಲ. ಗಂಡು ತಿದ್ದಿಕೊಂಡದ್ದು ಹೆಣ್ಣಿನ ಒಲವಿನ ಆಸರೆಯಲ್ಲಲ್ಲ, ತಿದ್ದಿಕೊಂಡದ್ದರ ಬೆಲೆಯನ್ನು ತೆತ್ತವನೂ ಹೆಚ್ಚಿನ ಪಾಲಿಗೆ ಗಂಡಲ್ಲ. ನನ್ನ ಉತ್ತರವೆಲ್ಲ ಈ ಮಾತಿನ ಸುತ್ತಲೇ ಇದೆ.

ಮೊದಲನೆಯದು ಆರ್ಥರ್ ವೆಲ್ಲೆಸ್ಲಿಯ ಕಥೆ. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಎಂದು ಹೆಸರಾದ ಈತ 1769ರಲ್ಲಿ ಐರ್ಲೆಂಡಿನಲ್ಲಿ, ಮಾರ್ನಿಂಗ್ಟನ್ ಅರ್ಲ್‌ನ ಕಿರಿಯ ಮಕ್ಕಳಲ್ಲಿ ಒಬ್ಬನಾಗಿ ಹುಟ್ಟಿದ. ಹಿರಿಯ ಮಗನಿಗೇ ಬಿರುದೂ ಆಸ್ತಿಯೂ ಸಲ್ಲುವ ಆ ವ್ಯವಸ್ಥೆಯಲ್ಲಿ ಕಿರಿಯ ಮಗನೆಂದರೆ ದೊಡ್ಡ ಹೆಸರು, ಬರಿದಾದ ಜೇಬು. ಇಪ್ಪತ್ತರ ಹರೆಯದಲ್ಲಿ ಆತ ಡಬ್ಲಿನ್ ಕೋಟೆಯಲ್ಲಿ ರಾಜಪ್ರತಿನಿಧಿಯ ಆಪ್ತ ಸಹಾಯಕ ಸೇನಾಧಿಕಾರಿಯಾಗಿ ದಿನಕ್ಕೆ 10 ಷಿಲಿಂಗ್ ಸಂಬಳ ಪಡೆಯುತ್ತಿದ್ದ. ಇಸ್ಪೀಟು, ಪಂದ್ಯ, ಕುಡಿತಕ್ಕೆ ಅದು ಎಲ್ಲಿ ಸಾಕು? ತಾನು ಬಾಡಿಗೆಗಿದ್ದ ಮನೆಯ ಒಡೆಯನಾದ ಬೂಟು ಹೊಲಿಯುವವನಿಂದಲೂ ಸಾಲ ಪಡೆದಿದ್ದ. ತಂದೆಯಿಂದ ಬಂದ ಸಂಗೀತದ ಒಲವೊಂದಿತ್ತು. ಪಿಟೀಲನ್ನು ಚೆನ್ನಾಗಿ ನುಡಿಸುತ್ತಿದ್ದ.

ಆ ದಿನಗಳಲ್ಲಿ ಆತ ಮನಸೋತದ್ದು ಕಿಟ್ಟಿ ಎಂದು ಎಲ್ಲರೂ ಕರೆಯುತ್ತಿದ್ದ ಕ್ಯಾಥರಿನ್ ಪಾಕೆನ್‌ಹ್ಯಾಮ್‌ಗೆ. ಲವಲವಿಕೆಯ, ಓದಿನ ಹುಚ್ಚಿನ, ಡಬ್ಲಿನ್ನಿನ ನೃತ್ಯಕೂಟಗಳಲ್ಲಿ ಎಲ್ಲರೂ ಮೆಚ್ಚುತ್ತಿದ್ದ ಹುಡುಗಿ ಆಕೆ. ಆಕೆಯ ತಂದೆ ಲಾಂಗ್‌ಫರ್ಡ್ ಪ್ರಭು 1792ರಲ್ಲಿ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ಆಕೆಯ ಸೋದರ ಥಾಮಸ್‌ನ ಕೈಗೆ ಬಂದಿತ್ತು. 1793ರಲ್ಲಿ ಆರ್ಥರ್ ಹೆಣ್ಣು ಕೇಳಿದಾಗ ಬೇಡವೆಂದವನು ಈ ಥಾಮಸ್. ಆಗ ಅವನಿಗೆ 19 ವರ್ಷ, ಕಿಟ್ಟಿಗಿಂತಲೂ ಚಿಕ್ಕವನು. ಕಾದಂಬರಿಗಳಲ್ಲಿ ಗಡಸು ಮುಖದ ಅಣ್ಣನನ್ನು ಕಂಡು ಕಂಡು ನಮಗೆ ಅಭ್ಯಾಸವಾಗಿದೆ. ಇಲ್ಲಿ ಅಕ್ಕನ ಬಾಳನ್ನು ನಿರ್ಧರಿಸಿದವನು ಮೀಸೆ ಚಿಗುರುತ್ತಿದ್ದ ತಮ್ಮ. ಅವನು ಕೊಟ್ಟ ಕಾರಣದಲ್ಲಿ ತಪ್ಪು ಹುಡುಕುವುದೂ ಕಷ್ಟ: ಸಾಲಗಾರ, ಕೆಳದರ್ಜೆಯ ಅಧಿಕಾರಿ, ಮುಂದೆ ಏನಾಗುವನೆಂಬ ಭರವಸೆಯಿಲ್ಲದವನು.

ಇದಾದ ಮೇಲೆ ಆರ್ಥರ್ ತನ್ನ ಪಿಟೀಲುಗಳನ್ನು ತಾನೇ ಬೆಂಕಿಗೆ ಹಾಕಿದ. ಜೂಜನ್ನು ಬಿಟ್ಟು ಸೈನ್ಯದ ಕೆಲಸವನ್ನು ಶ್ರದ್ಧೆಯಿಂದ ಕಲಿಯತೊಡಗಿದ. ತನ್ನ ಸ್ಥಿತಿ ಸುಧಾರಿಸಿದರೆ ತನ್ನ ಮನಸ್ಸು ಆಗಲೂ ಬದಲಾಗಿರುವುದಿಲ್ಲವೆಂಬ ಅರ್ಥದ ಪತ್ರವೊಂದನ್ನು 1794ರಲ್ಲಿ ಕಿಟ್ಟಿಗೆ ಬರೆದ. ಹುಡುಗಿ ಆ ಸಾಲನ್ನು ಮಾತುಕೊಟ್ಟಂತೆಯೇ ಭಾವಿಸಿ ಕಾದಳು. ಅವನು 33ನೇ ಕಾಲ್ದಳದ ಕರ್ನಲ್ ಆಗಿ ಭಾರತಕ್ಕೆ ಹಡಗು ಹತ್ತಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ಆಡಳಿತ ಅವನ ಕೈಗೆ ಬಂತು, ದರಿಯಾ ದೌಲತ್ ಅವನ ವಾಸದ ಮನೆಯಾಯಿತು. ಇಂದು ಆ ಅರಮನೆಯ ಗೋಡೆಗಳಲ್ಲಿ ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಳ್ಳಿಲೂರು ಕಾಳಗದ ಚಿತ್ರ ನೋಡಲು ಹೋಗುವವರಲ್ಲಿ ಎಷ್ಟು ಮಂದಿಗೆ, ಡಬ್ಲಿನ್ನಿನ ಹೆಣ್ಣೊಬ್ಬಳ ತಮ್ಮನಿಂದ ತಿರಸ್ಕೃತನಾದ ವರ ಅಲ್ಲಿ ಕೂತು ದುಡಿಯುತ್ತಿದ್ದನೆಂದು ಹೊಳೆದೀತು! ಶ್ರೀರಂಗಪಟ್ಟಣದ ಲೂಟಿಯಲ್ಲಿ ಅವನ ಪಾಲಿಗೆ ಬಂದದ್ದು 4,000 ಪೌಂಡ್. ಬಂಡಾಯಗಾರ ಧೋಂಡಿಯಾ ವಾಘ್‌ನ ಬೆನ್ನಟ್ಟಿದ್ದು, ಮರಾಠರ ವಿರುದ್ಧದ ಅಸ್ಸಾಯೆಯ ಕಾಳಗ, ಸರ್ ಎಂಬ ಬಿರುದು ಒಂದರ ಹಿಂದೊಂದು ಬಂದವು. 1805ರಲ್ಲಿ ಅವನು ಮರಳಿ ಹೊರಟಾಗ ಮೇಜರ್ ಜನರಲ್, ಮತ್ತು 40,000 ಪೌಂಡಿಗೂ ಮಿಕ್ಕಿದ ಸಂಪತ್ತಿನ ಒಡೆಯ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಅವನು ತಿದ್ದಿಕೊಂಡನೇ? ಹಣಕಾಸಿನಲ್ಲಿ, ಶಿಸ್ತಿನಲ್ಲಿ, ದುಡಿಮೆಯಲ್ಲಿ ಸಂಪೂರ್ಣವಾಗಿ ತಿದ್ದಿಕೊಂಡ. ಹೆಣ್ಣಿನ ವಿಷಯದಲ್ಲಿ ಅದೇ ಮಾತನ್ನು ಹೇಳಲಾರೆ. ಶ್ರೀರಂಗಪಟ್ಟಣದಲ್ಲೇ ಸಹ ಅಧಿಕಾರಿಯೊಬ್ಬನ ಹೆಂಡತಿಯ ಜೊತೆ ಅವನಿಗಿದ್ದ ಸಲುಗೆಯನ್ನು ಅವನ ಜೊತೆಗಾರನೊಬ್ಬ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. ಸಮಾಜಕ್ಕೆ ಬೇಕಾಗಿದ್ದ ತಿದ್ದುಪಡಿ ಮೊದಲನೆಯ ಬಗೆಯದು. ಸಾಲ ತೀರಿದ್ದರೆ, ಪದವಿ ಸಿಕ್ಕಿದ್ದರೆ, ಹನ್ನೆರಡು ವರ್ಷಗಳ ಹಿಂದೆ ಬೇಡವೆಂದಿದ್ದ ಲಾಂಗ್‌ಫರ್ಡ್ ಮನೆತನಕ್ಕೆ ಈಗ ಯಾವ ಆಕ್ಷೇಪವೂ ಉಳಿಯಲಿಲ್ಲ.

ಈ ನಡುವೆ ಕಿಟ್ಟಿಯ ಗತಿ ಏನಾಗಿತ್ತು ಎಂಬುದನ್ನು ಕಥೆ ಬರೆಯುವವರು ಮರೆಯಬಾರದು. ಲೌರಿ ಕೋಲ್ ಎಂಬ ಇನ್ನೊಬ್ಬ ಸೇನಾಧಿಕಾರಿ ಆಕೆಯನ್ನು ಬಯಸಿ ಬಂದಿದ್ದ. ಅವನೂ ಅರ್ಲ್ ಒಬ್ಬನ ಮಗ. ಆರ್ಥರ್ ಇನ್ನೂ ತನ್ನನ್ನು ನೆನೆಯುತ್ತಿದ್ದಾನೆಂದು ಸ್ನೇಹಿತೆ ಒಲಿವಿಯಾ ಸ್ಪ್ಯಾರೋ ಮೂಲಕ ತಿಳಿದಾಗ ಕಿಟ್ಟಿ ಆ ಸಂಬಂಧವನ್ನು ಮುರಿದುಕೊಂಡಳು. ಆ ಕೊರಗಿನಲ್ಲಿ ಆರೋಗ್ಯ ಕೆಟ್ಟು, ಮೈ ಇಳಿದು, ಮೊದಲಿನ ಚೆಲುವು ಮಾಸಿತು. ಆರ್ಥರ್ ಹಿಂದಿರುಗಿ, ಆಕೆಯನ್ನು ನೋಡದೆಯೇ ಪತ್ರದ ಮೂಲಕ ಮದುವೆಯ ಪ್ರಸ್ತಾಪ ಮಾಡಿದಾಗ, ತಾನು ತುಂಬ ಬದಲಾಗಿದ್ದೇನೆಂದು ಆಕೆಯೇ ಅವನನ್ನು ಎಚ್ಚರಿಸಿದಳು. ಅವನು ಕೊಟ್ಟ ಮಾತಿಗೆ ಕಟ್ಟುಬಿದ್ದ. 1806ರ ಏಪ್ರಿಲ್ 10ರಂದು ಡಬ್ಲಿನ್ನಿನಲ್ಲಿ ಮದುವೆಯಾಯಿತು. ಮದುಮಗನ ತಮ್ಮ, ಪಾದ್ರಿಯಾಗಿದ್ದ ಜೆರಾಲ್ಡ್ ಧಾರ್ಮಿಕ ವಿಧಿ ನಡೆಸಿಕೊಟ್ಟ. ಸುಮಾರು ಒಂದು ವಾರ ಕಳೆಯುವಷ್ಟರಲ್ಲಿ ಗಂಡ ಕೆಲಸದ ಮೇಲೆ ಇಂಗ್ಲೆಂಡಿಗೆ ಹೊರಟುಹೋದ, ಹೆಂಡತಿಯನ್ನು ಕರೆತರುವ ಹೊಣೆ ಅದೇ ಜೆರಾಲ್ಡ್‌ನದಾಯಿತು.

ಮದುವೆ ಸುಖವಾಗಲಿಲ್ಲ. ಇಬ್ಬರು ಗಂಡುಮಕ್ಕಳು ಹುಟ್ಟಿದರು, ಗಂಡನ ಕೀರ್ತಿ ಯೂರೋಪಿನಾದ್ಯಂತ ಹಬ್ಬಿತು, ಮನೆಯೊಳಗೆ ಮಾತ್ರ ಸಣ್ಣಪುಟ್ಟ ಲೆಕ್ಕಪತ್ರಗಳಿಗೂ ವಿರಸ. ಮನೆಖರ್ಚಿನಲ್ಲಿ ಸಾಲವಾದದ್ದನ್ನು ಕಿಟ್ಟಿ ಹೆದರಿಕೆಯಿಂದ ಮುಚ್ಚಿಡುತ್ತಿದ್ದಳು. ಅವನಿಗೆ ಅದೇ ಅಕ್ಷಮ್ಯ ಅಪರಾಧವಾಗಿ ಕಾಣುತ್ತಿತ್ತು. ಯೌವನದಲ್ಲಿ ಸಾಲಕ್ಕೆ ಹೆದರದಿದ್ದವನು ನಡುವಯಸ್ಸಿನಲ್ಲಿ ಹೆಂಡತಿಯ ಸಾಲವನ್ನು ಸಹಿಸಲಾರದವನಾದ. ಮದುವೆಯಾದದ್ದೇ ದಡ್ಡತನವಾಯಿತೆಂಬ ಅರ್ಥದಲ್ಲಿ ಅವನು 1822ರಲ್ಲಿ ತನ್ನ ಗೆಳತಿ ಹ್ಯಾರಿಯೆಟ್ ಅರ್ಬತ್‌ನಾಟ್ ಬಳಿ ಹೇಳಿಕೊಂಡದ್ದು ಆಕೆಯ ದಿನಚರಿಯಲ್ಲಿ ದಾಖಲಾಗಿದೆ. 1831ರಲ್ಲಿ ಕಿಟ್ಟಿ ಮರಣಶಯ್ಯೆಯಲ್ಲಿದ್ದಾಗ, ಎಂದೋ ತಾನು ಕಟ್ಟಿದ್ದ ತಾಯಿತ ಇನ್ನೂ ಇದೆಯೇ ಎಂದು ಅವನ ತೋಳಿನ ಬಟ್ಟೆಯೊಳಗೆ ಬೆರಳು ಹಾಕಿ ತಡವಿದಳಂತೆ. ಅದು ಅಲ್ಲಿತ್ತು. ಕಳೆದ ಇಪ್ಪತ್ತು ವರ್ಷಗಳಲ್ಲಿ ಯಾವಾಗ ಹುಡುಕಿದ್ದರೂ ಸಿಗುತ್ತಿತ್ತು ಎಂದು ಅವನು ನಂತರ ಹೇಳಿದನೆಂದು ಜೀವನಚರಿತ್ರೆಗಳು ಬರೆಯುತ್ತವೆ. ಆ ಮಾತಿನಲ್ಲಿ ಮಮತೆಯೂ ಇದೆ, ಆಗಲೂ ತಪ್ಪನ್ನು ಹೆಂಡತಿಯ ಮೇಲೇ ಹೊರಿಸುವ ಕಠೋರತೆಯೂ ಇದೆ. ನನಗೆ ಅದನ್ನು ಓದಿದಾಗಲೆಲ್ಲ ಕಿಟ್ಟಿಯ ಪರವಾಗಿ ಸಿಟ್ಟು ಬರುತ್ತದೆ.

ಎರಡನೆಯ ನಿದರ್ಶನದಲ್ಲಿರುವವನು ನಿಜವಾದ ಅರ್ಥದಲ್ಲಿ ಶೋಕಿಲಾಲ. ಹೆನ್ರಿ ಪ್ಯಾಜೆಟ್ ಪ್ರಭು, ಅಶ್ವದಳದ ಹೆಸರಾಂತ ದಳಪತಿ. ಮನೆಯಲ್ಲಿ ಹೆಂಡತಿ ಕ್ಯಾರೊಲಿನ್, ಎಂಟು ಮಕ್ಕಳು. ಇವನು 1809ರ ಮಾರ್ಚ್‌ನಲ್ಲಿ ಷಾರ್ಲಟ್ ಎಂಬ ವಿವಾಹಿತೆಯೊಂದಿಗೆ ಓಡಿಹೋದ. ಆಕೆ ಕಡೋಗನ್ ಅರ್ಲ್ ಮನೆತನದ ಮಗಳು, ಅರ್ಲ್‌ನ ಸೋದರಿ, ಮತ್ತು ಆರ್ಥರ್ ವೆಲ್ಲೆಸ್ಲಿಯ ತಮ್ಮ ಹೆನ್ರಿ ವೆಲ್ಲೆಸ್ಲಿಯ ಹೆಂಡತಿ, ನಾಲ್ಕು ಮಕ್ಕಳ ತಾಯಿ. ಈ ಹೆನ್ರಿಯೂ ನಮ್ಮ ನಾಡಿನ ಚರಿತ್ರೆಯಲ್ಲಿ ಬಂದುಹೋದವನೇ: ಟಿಪ್ಪುವಿನ ಮರಣಾನಂತರ ಮೈಸೂರು ರಾಜ್ಯದ ವ್ಯವಸ್ಥೆ ಮಾಡಲು 1799ರಲ್ಲಿ ನೇಮಕವಾದ ಆಯೋಗದಲ್ಲಿ ಅಣ್ಣ ಆರ್ಥರ್ ಜೊತೆ ಅವನೂ ಸದಸ್ಯನಾಗಿದ್ದ.

ಕಾದಂಬರಿಗಳಲ್ಲಿ ಬರುವ ದ್ವಂದ್ವಯುದ್ಧ ಇಲ್ಲಿ ನಿಜವಾಗಿ ನಡೆಯಿತು. ಷಾರ್ಲಟ್‌ಳ ಸೋದರ, ಸೇನಾಧಿಕಾರಿ ಹೆನ್ರಿ ಕಡೋಗನ್, ಮನೆತನದ ಮಾನಕ್ಕಾಗಿ ಪ್ಯಾಜೆಟ್‌ಗೆ ಸವಾಲು ಹಾಕಿದ. 1809ರ ಮೇ 30ರಂದು ಲಂಡನ್ನಿನ ಹೊರವಲಯದ ವಿಂಬಲ್ಡನ್ ಬಯಲಿನಲ್ಲಿ, ಹನ್ನೆರಡು ಹೆಜ್ಜೆಗಳ ಅಂತರದಲ್ಲಿ ಇಬ್ಬರೂ ಪಿಸ್ತೂಲು ಹಿಡಿದು ನಿಂತರು. ಕಡೋಗನ್ನನ ಗುಂಡು ಗುರಿ ತಪ್ಪಿತು. ಪ್ಯಾಜೆಟ್ ಪಿಸ್ತೂಲನ್ನು ಕೊಂಚ ಓರೆಯಾಗಿ ಹಿಡಿದಿದ್ದಾನೆ, ಎದುರಾಳಿಗೆ ಹೊಡೆಯುವ ಉದ್ದೇಶವೇ ಅವನಿಗಿಲ್ಲ ಎಂಬುದನ್ನು ಗಮನಿಸಿದ ಇಬ್ಬರ ಕಡೆಯ ಮಧ್ಯಸ್ಥರೂ ಕಾಳಗವನ್ನು ಅಲ್ಲಿಗೇ ನಿಲ್ಲಿಸಿದರು. ಪ್ರೀತಿಸಿದವಳ ಒಡಹುಟ್ಟಿದವನ ಎದೆಗೆ ಗುರಿಯಿಡಲಾರದ ಆ ಗಳಿಗೆ ಕಥೆಗಾರರಿಗೆ ಇತಿಹಾಸವೇ ಬರೆದುಕೊಟ್ಟ ಸನ್ನಿವೇಶ.

ಮುಂದಿನದೆಲ್ಲ ನ್ಯಾಯಾಲಯದ ವ್ಯವಹಾರ. ಹೆಂಡತಿಯ ಪ್ರಿಯಕರನ ಮೇಲೆ ಗಂಡನು ನಷ್ಟಪರಿಹಾರದ ದಾವೆ ಹೂಡಲು ಆಗಿನ ಕಾನೂನಿನಲ್ಲಿ ಅವಕಾಶವಿತ್ತು. ಹೆನ್ರಿ ವೆಲ್ಲೆಸ್ಲಿಗೆ 20,000 ಪೌಂಡ್ ದೊರೆಯಿತು. ಆ ದಾವೆಯಲ್ಲಿ ಹೆಂಡತಿ ಕಕ್ಷಿದಾರಳೇ ಅಲ್ಲ, ತನ್ನ ಪರವಾಗಿ ಆಕೆ ಒಂದು ಮಾತೂ ಆಡುವಂತಿರಲಿಲ್ಲ. ಮರುಮದುವೆಗೆ ಅವಕಾಶ ಕೊಡುವ ವಿಚ್ಛೇದನ ಇಂಗ್ಲೆಂಡಿನಲ್ಲಿ ಸಂಸತ್ತಿನ ಪ್ರತ್ಯೇಕ ಕಾಯಿದೆಯಿಂದ ಮಾತ್ರ ಸಾಧ್ಯವಿತ್ತು, ಮತ್ತು 1857ರಲ್ಲಿ ವಿಚ್ಛೇದನ ನ್ಯಾಯಾಲಯ ಸ್ಥಾಪನೆಯಾಗುವವರೆಗೆ ಅಂಥ ಕಾಯಿದೆಯನ್ನು ಪಡೆಯಲು ಶಕ್ತರಾದ ಹೆಂಗಸರು ನಾಲ್ವರೇ. ಆದ್ದರಿಂದ ಕ್ಯಾರೊಲಿನ್ ಸ್ಕಾಟ್ಲೆಂಡಿನ ಕಾನೂನಿನ ಮೊರೆಹೊಕ್ಕು ಪ್ಯಾಜೆಟ್‌ನಿಂದ ಬಿಡುಗಡೆ ಪಡೆದು, 1810ರಲ್ಲಿ ಆರ್ಗೈಲ್ ಡ್ಯೂಕನನ್ನು ಮದುವೆಯಾದಳು. ಅದೇ ವರ್ಷ ಪ್ಯಾಜೆಟ್ ಷಾರ್ಲಟ್‌ಳ ಕೈಹಿಡಿದ.

ಆಮೇಲೆ ನಡೆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಎರಡು ಮನೆ ಮುರಿದ ಈ ಜೋಡಿ 1853ರಲ್ಲಿ ಷಾರ್ಲಟ್ ತೀರಿಕೊಳ್ಳುವವರೆಗೆ, 43 ವರ್ಷ ಒಟ್ಟಿಗೆ ಬಾಳಿತು. ಮರುವರ್ಷವೇ ಅವನೂ ತೀರಿಹೋದ. ಸಮಾಜ ಗಂಡನನ್ನು ಬೇಗ ಕ್ಷಮಿಸಿತು. 1815ರ ವಾಟರ್ಲೂ ಯುದ್ಧದಲ್ಲಿ ವೆಲ್ಲಿಂಗ್ಟನ್ನನ ಕೈಕೆಳಗೇ ಅಶ್ವದಳವನ್ನು ನಡೆಸಿ, ಬಲಗಾಲನ್ನು ಕಳೆದುಕೊಂಡು, ಡ್ಯೂಕ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಮಾರ್ಕ್ವಿಸ್ ಪದವಿ ಪಡೆದು, ಮುಂದೆ ಐರ್ಲೆಂಡಿನ ರಾಜಪ್ರತಿನಿಧಿಯೂ ಆದ. ಹೆಣ್ಣಿಗೆ ಅಷ್ಟು ಸುಲಭವಾಗಿ ಕ್ಷಮೆ ಸಿಗಲಿಲ್ಲ. ಮರ್ಯಾದಸ್ಥರೆನಿಸಿಕೊಂಡ ಅನೇಕ ಮನೆಗಳ ಬಾಗಿಲು ಆಕೆಗೆ ಮುಚ್ಚಿತು. ಆಕೆ ಬಿಟ್ಟುಹೋದ ಮಕ್ಕಳಲ್ಲಿ 1809ರಲ್ಲಿ ಹುಟ್ಟಿದ ಕಿರಿಯ ಮಗು ಜೆರಾಲ್ಡ್‌ನನ್ನು ತನ್ನ ಮಗನಂತೆ ಸಾಕಿದವಳು ಬೇರಾರೂ ಅಲ್ಲ, ಆರ್ಥರ್‌ನ ಹೆಂಡತಿ ಕಿಟ್ಟಿ. ಎರಡು ಪ್ರೇಮಕಥೆಗಳ ಋಣವನ್ನೂ ಹೊತ್ತವಳು ಆಕೆಯೊಬ್ಬಳೇ ಎಂದು ನನಗನ್ನಿಸುತ್ತದೆ.

ತಿದ್ದಿಕೊಂಡ ಪೋಲಿಯೇ ಉತ್ತಮ ಗಂಡ ಎಂಬ ನಂಬಿಕೆ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಾದೆಯಷ್ಟು ಬಳಕೆಯಲ್ಲಿತ್ತು, ಹೆಣ್ಣುಮಕ್ಕಳು ಅದನ್ನು ನಂಬಬಾರದೆಂದು ಎಚ್ಚರಿಸುವವರೂ ಆಗಲೇ ಇದ್ದರು. ಎಚ್ಚರಿಕೆಗೆ ಕಾರಣ ಕಾನೂನಿನಲ್ಲೇ ಇತ್ತು. ಮದುವೆಯಾದೊಡನೆ ಹೆಂಡತಿಯ ಕೈಯಲ್ಲಿದ್ದ ಹಣ, ಒಡವೆ, ಗಳಿಕೆ ಗಂಡನ ಸೊತ್ತಾಗುತ್ತಿತ್ತು. ಇದು 1870 ಮತ್ತು 1882ರ ಕಾಯಿದೆಗಳು ಬರುವವರೆಗೆ ಬದಲಾಗಲಿಲ್ಲ. ಗಂಡ ಮತ್ತೆ ಜೂಜಿಗೆ ಬಿದ್ದರೆ ಆಕೆಯನ್ನು ಉಳಿಸಬಲ್ಲದ್ದು ಮದುವೆಗೆ ಮುಂಚೆ ಬರೆಯಿಸಿಕೊಂಡ ಕರಾರುಪತ್ರವೊಂದೇ. ಆಕೆಯ ಪಾಲಿನ ಹಣವನ್ನು ಯಾರ ವಶದಲ್ಲಿಡಬೇಕು, ಕೈಖರ್ಚಿಗೆ ವರ್ಷಕ್ಕೆ ಎಷ್ಟು, ವಿಧವೆಯಾದರೆ ವರ್ಷಾಶನ ಎಷ್ಟು, ಕಿರಿಯ ಮಕ್ಕಳಿಗೆ ಎಷ್ಟು ಎಂಬುದೆಲ್ಲ ಅದರಲ್ಲಿ ನಮೂದಾಗುತ್ತಿತ್ತು. ತಂದೆ ಇಲ್ಲದ ಮನೆಯಲ್ಲಿ ಈ ಚೌಕಾಸಿಯನ್ನು ನಡೆಸುತ್ತಿದ್ದವನು ಸೋದರ, ಏಕೆಂದರೆ ಆ ಹಣ ಹೊರಡಬೇಕಾದದ್ದು ಅವನ ಜಮೀನಿನ ಆದಾಯದಿಂದಲೇ.

ಹಾಗಾಗಿ ನಿಮ್ಮ ಕಥೆ ಇಂಗ್ಲೆಂಡಿನಲ್ಲಿ ನಡೆಯುವುದಾದರೆ, ನಾಯಕಿಗೆ 21 ತುಂಬಿದೆಯೇ ಇಲ್ಲವೇ ಎಂಬುದನ್ನು ಮೊದಲು ನಿರ್ಧರಿಸಿ. 1754ರಿಂದ ಜಾರಿಗೆ ಬಂದ ಹಾರ್ಡ್‌ವಿಕ್ ಕಾಯಿದೆಯ ಪ್ರಕಾರ ಅದಕ್ಕಿಂತ ಚಿಕ್ಕವರು ಪರವಾನಗಿ ಪಡೆದು ಮದುವೆಯಾಗಲು ತಂದೆಯ ಅಥವಾ ಪೋಷಕನ ಒಪ್ಪಿಗೆ ಬೇಕಿತ್ತು. ಸ್ಕಾಟ್ಲೆಂಡಿಗೆ ಆ ಕಾಯಿದೆ ಅನ್ವಯಿಸದಿದ್ದುದರಿಂದಲೇ ಜೋಡಿಗಳು ಗಡಿಯಾಚೆಯ ಗ್ರೆಟ್ನಾ ಗ್ರೀನ್‌ಗೆ ಓಡುತ್ತಿದ್ದವು. 21 ದಾಟಿದವಳನ್ನು ಅಣ್ಣ ಕಾನೂನಿನ ಬಲದಿಂದ ತಡೆಯಲಾರ, ಹಣವನ್ನು ಮುಂದಿಟ್ಟು ತಡೆಯಬಲ್ಲ. ಅಂಥ ಸಂದರ್ಭದಲ್ಲಿ ಆಕೆಯ ಆಯ್ಕೆಗೆ ಹೆಚ್ಚು ತೂಕ ಬರುತ್ತದೆ. ನಾಯಕ ತಿದ್ದಿಕೊಂಡದ್ದನ್ನು ಕಣ್ಣೀರಿನ ಮಾತುಗಳಲ್ಲಿ ತೋರಿಸುವ ಬದಲು ಆ ಕರಾರುಪತ್ರದ ಸಾಲುಗಳಲ್ಲಿ ತೋರಿಸಿ: ವಕೀಲ ಓದಿ ಹೇಳುವ ಒಂದೊಂದು ಷರತ್ತಿಗೂ, ತನ್ನ ಕೈ ಹೆಂಡತಿಯ ಹಣಕ್ಕೆ ಎಂದೂ ತಗುಲದಂತೆ, ಅವನು ಚೌಕಾಸಿ ಮಾಡದೆ ಸಹಿ ಹಾಕಲಿ. ಆ ಪತ್ರವನ್ನು ಅಣ್ಣನಿಗಿಂತ ಮೊದಲು ನಾಯಕಿಯೇ ಓದಲಿ, ಬೇಕಾದರೆ ಒಂದೆರಡು ಷರತ್ತುಗಳನ್ನು ತಾನೇ ಸೇರಿಸಲಿ. ಹಾಗೆ ಕೇಳುವ ಅವಕಾಶ ಕಿಟ್ಟಿಗಾಗಲಿ ಷಾರ್ಲಟ್‌ಗಾಗಲಿ ಸಿಕ್ಕಿರಲಿಲ್ಲ.