ಒಂದು ಮೊಳ ದೂರ

ಪತ್ರ: ‘ಮಗನಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ಯಾರು ಸಿಕ್ಕರೂ ಮೈಮೇಲೆ ಬೀಳುತ್ತಾನೆ. ಪಕ್ಕದ ಮನೆಯವರ ಓಲೆ ಎಳೆಯುತ್ತಾನೆ, ಶಾಲೆಯಲ್ಲಿ ಮಕ್ಕಳನ್ನು ತಬ್ಬಿ ಬೀಳಿಸುತ್ತಾನೆ. “ದೂರ ನಿಂತ್ಕೋ” ಅಂತ ಹೇಳಿ ಹೇಳಿ ಸಾಕಾಗಿದೆ. ಅತ್ತೆಯವರು “ಮಗು ಅಲ್ವಾ, ಬಿಡು” ಅನ್ನುತ್ತಾರೆ. ಗದರದೆ ಕಲಿಸುವುದು ಹೇಗೆ?’
(ಓದುಗರೊಬ್ಬರು, ಕುವೆಂಪುನಗರ, ಮೈಸೂರು)

ಉತ್ತರ: ದೂರ ಅಂದರೆ ಎಷ್ಟು ದೂರ? ನಿಮ್ಮ ಮಗನಿಗೆ ಗೊತ್ತಿಲ್ಲದಿರುವುದು ಅದೇ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಅಳೆಯುವ ಕೈ ನೋಡಿದ್ದೀರಲ್ಲ: ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಮೊಳ, ಸುಮಾರು 18 ಅಂಗುಲ, ಅಂದರೆ 45 ಸೆಂಟಿಮೀಟರ್. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1960ರ ದಶಕದಲ್ಲಿ, ತೀರಾ ಆಪ್ತರನ್ನಷ್ಟೇ ಬಿಟ್ಟುಕೊಳ್ಳುವ ಜಾಗಕ್ಕೆ ಹಾಕಿದ ಗಡಿಯೂ 18 ಅಂಗುಲವೇ. ಅದು ಅಲ್ಲಿಯ ಜನರ ಲೆಕ್ಕ, ಊರಿಂದೂರಿಗೆ ಬದಲಾಗುತ್ತದೆ. ಆದರೆ ಈ ವಯಸ್ಸಿನ ಮಗು ತೋಳು ಚಾಚಿದರೆ ಹೆಚ್ಚುಕಡಿಮೆ ದೊಡ್ಡವರ ಒಂದು ಮೊಳವೇ ಆಗುತ್ತದೆ. ಅಳತೆಗೋಲು ಅವನ ಮೈಯಲ್ಲೇ ಇದೆ ಅನ್ನಿ.

ಮನೆ ಮುಂದೆ ಅವನನ್ನು ನಿಲ್ಲಿಸಿ, ತೋಳು ಚಾಚಿ ಒಂದು ಸುತ್ತು ತಿರುಗಲು ಹೇಳಿ. ಬೆರಳ ತುದಿ ಹಾದಲ್ಲೆಲ್ಲ ರಂಗೋಲಿ ಪುಡಿ ಎಳೆಯಿರಿ. ಅದು ಅವನ ಜಾಗ. ಪಕ್ಕದಲ್ಲಿ ನಿಮ್ಮದೊಂದು ಬರೆಯಿರಿ. ಈಗ ‘ಸಾಕು’ ಆಟ: ನೀವು ನಿಧಾನವಾಗಿ ಅವನತ್ತ ನಡೆಯುವುದು, ಅವನು ‘ಸಾಕು’ ಅಂದ ಕ್ಷಣ ನಿಲ್ಲುವುದು. ತಮಾಷೆಗೂ ಇನ್ನೊಂದು ಹೆಜ್ಜೆ ಇಡಬೇಡಿ. ಇಟ್ಟರೆ ‘ಸಾಕು’ ಅನ್ನುವ ಮಾತಿಗೆ ಬೆಲೆಯಿಲ್ಲವೆಂದೇ ಅವನು ಕಲಿಯುತ್ತಾನೆ. ಆಮೇಲೆ ಅವನು ನಡೆಯಲಿ, ನೀವು ಹೇಳಿ. ಅಪ್ಪ ಎಲ್ಲಿ ನಿಲ್ಲಿಸುತ್ತಾರೆ, ಅಜ್ಜಿ ಎಲ್ಲಿ, ಪಕ್ಕದ ಮನೆಯವರು ಎಲ್ಲಿ ಅಂತ ಹೆಜ್ಜೆ ಎಣಿಸಲಿ. ಒಬ್ಬೊಬ್ಬರದು ಒಂದೊಂದು ಅಳತೆ ಎಂಬುದು ಹೀಗೆ ಕಾಲಿಗೆ ತಿಳಿಯುತ್ತದೆ. ದಿನಕ್ಕೆ ಐದು ನಿಮಿಷ ಸಾಕು, ಅದೂ ಅವನು ಖುಷಿಯಾಗಿರುವಾಗ. ತಪ್ಪು ಮಾಡಿದ ಮೇಲೆ ಆಡಿಸಿದರೆ ಆಟವೇ ಶಿಕ್ಷೆಯಾಗುತ್ತದೆ.

ಇಲ್ಲೊಂದು ಎಡವಟ್ಟು ಆಗುವುದುಂಟು: ಶಾಲೆಯಲ್ಲೂ ತೋಳು ಚಾಚಿ ಅಳೆಯಲು ಹೋಗಿ ಪಕ್ಕದವನ ಕಣ್ಣಿಗೆ ಬೆರಳು ತಗುಲಿಸುತ್ತಾರೆ. ಕೈ ಚಾಚುವುದು ಮನೆಯಲ್ಲಿ, ಹೊರಗೆ ಕಣ್ಣಲ್ಲೇ ಅಳತೆ ಎಂದು ಮೊದಲೇ ಹೇಳಿಬಿಡಿ.

ತಬ್ಬಿಕೊಳ್ಳುವುದನ್ನು ನಿಲ್ಲಿಸುವುದಲ್ಲ, ಕೇಳಿ ತಬ್ಬಿಕೊಳ್ಳುವುದನ್ನು ಕಲಿಸಬೇಕು. ‘ತಬ್ಕೊಳ್ಲಾ?’ ಅಂತ ಕೇಳಿ ಮನಸ್ಸಿನಲ್ಲೇ ಐದು ಎಣಿಸುವುದು. ಎದುರಿನ ಮಗು ಸುಮ್ಮನಿದ್ದರೆ ಅದು ಹೂಂ ಅಲ್ಲ. ಮುಖ ತಿರುಗಿಸುವುದು, ಒಂದು ಹೆಜ್ಜೆ ಹಿಂದೆ ಸರಿಯುವುದು, ಭುಜ ಬಿಗಿ ಮಾಡುವುದು ಇವೆಲ್ಲ ‘ಬೇಡ’ ಎಂಬುದರ ಗುರುತು. ಇವನ್ನು ನೀವೇ ಅಭಿನಯಿಸಿ ತೋರಿಸಿ. ಎದುರಿನವರ ಮನಸ್ಸಿನಲ್ಲಿ ಬೇರೆಯದೇ ಇರಬಹುದು ಅನ್ನುವುದು ಮಕ್ಕಳಿಗೆ ಹೊಳೆಯತೊಡಗುವುದೇ ನಾಲ್ಕೈದು ವರ್ಷಕ್ಕೆ. ತಿಳಿದ ಮೇಲೂ ಉತ್ಸಾಹ ಬಂದಾಗ ಮೈ ತಡೆಯಲಾಗದು; ಅದು ಉದ್ಧಟತನವಲ್ಲ.

ಮೈಗೆ ಒತ್ತಡ ಬೇಕೆನಿಸಿ ಅಂಟಿಕೊಳ್ಳುವ ಮಕ್ಕಳೂ ಇದ್ದಾರೆ. ಆ ಒತ್ತಡ ಕೆಲಸದಲ್ಲೇ ಸಿಗುವಂತೆ, ಶಾಲೆಗೆ ಹೊರಡುವ ಮುಂಚೆ ಹತ್ತು ನಿಮಿಷ ಚಪಾತಿ ಹಿಟ್ಟು ನಾದಲು ಕೊಡಿ, ಪುಟ್ಟ ಬಕೆಟ್‌ನಲ್ಲಿ ಅರ್ಧದಷ್ಟು ನೀರು ಗಿಡಕ್ಕೆ ಹೊರಲಿ, ಗೋಡೆ ತಳ್ಳುವ ಪಂದ್ಯ ಆಡಿ. ಹೀಗೆ ಅಂಟಿಕೊಳ್ಳುವುದರ ಜೊತೆಗೆ ಮಾತು ತಡವಾಗಿದ್ದರೆ, ಹೆಸರು ಕರೆದರೂ ತಿರುಗದಿದ್ದರೆ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ತೋರಿಸಿ.

ಸಿಟಿ ಬಸ್ಸು, ಬೆಟ್ಟದ ದರ್ಶನದ ಸಾಲು, ದಸರಾ ಜನಜಂಗುಳಿಯಲ್ಲಿ ಮೊಳದ ನಿಯಮ ನಡೆಯುವುದಿಲ್ಲ. ಅಲ್ಲಿ ‘ಮೈ ತಾಗಬಹುದು, ಕೈ ಮಾತ್ರ ನಿನ್ನ ಹತ್ತಿರವೇ’ ಅಂದರೆ ಸಾಕು.

ಕಷ್ಟ ಇರುವುದು ದೊಡ್ಡವರಲ್ಲಿ. ಬಂದವರೆಲ್ಲ ಅವನ ಕೆನ್ನೆ ಹಿಂಡಿ, ಬೇಡವೆಂದರೂ ಎತ್ತಿ ಮುತ್ತು ಕೊಡುತ್ತಿದ್ದರೆ ನಮ್ಮ ರಂಗೋಲಿಯೆಲ್ಲ ವ್ಯರ್ಥ. ಅತ್ತೆಯವರಿಗೆ ತಪ್ಪು ಹೊರಿಸದೆ, ‘ಅತ್ತೆ, ಅವನಿಗೆ ಕೇಳಿ ಮುಟ್ಟೋದು ಕಲಿಸ್ತಾ ಇದೀನಿ, ನೀವೂ ಒಂದ್ಸಲ ಕೇಳಿ ಎತ್ಕೊಳ್ಳಿ, ನಿಮ್ಮನ್ನ ನೋಡಿ ಬೇಗ ಕಲೀತಾನೆ’ ಅನ್ನಿ. ಬೇಡ ಅಂದ ದಿನ ನಮಸ್ಕಾರ ಮಾಡಲಿ. ಮರ್ಯಾದೆಗೆ ಅದು ಕಡಿಮೆಯೇನಲ್ಲ. ಸ್ನಾನ, ಔಷಧಿಯಂಥ ಹೊತ್ತಿನಲ್ಲಿ ಅನುಮತಿ ಕೇಳುತ್ತ ಕೂರಬೇಡಿ, ‘ಈಗ ಕಿವಿ ಒರೆಸ್ತೀನಿ’ ಅಂತ ಮುಂಚೆ ಹೇಳಿ ಮುಟ್ಟಿ. ರಸ್ತೆಯಲ್ಲಿ ಹೇಳುವುದೂ ಬೇಡ, ಮೊದಲು ಕೈ ಹಿಡಿಯಿರಿ.