ಫ್ಯಾನ್ ಹೆಚ್ಚಾದರೆ ಊರಿಗೆಷ್ಟು?

ಪ್ರಶ್ನೆ: ತಂಗಿಯನ್ನು ಗದಗದ ಕಡೆ ಕೊಟ್ಟಿದ್ದೇವೆ. ಅವರ ಊರಿನ ಗುಡ್ಡದ ಮೇಲೆ ಮೊದಲೇ ಗಾಳಿಯಂತ್ರಗಳಿವೆ, ಅಲ್ಲಿಯವರು ಫ್ಯಾನ್ ಅನ್ನುತ್ತಾರೆ. ಈಗ ಕಂಪನಿ ಇನ್ನಷ್ಟು ಹಾಕುತ್ತದಂತೆ, ತಂಗಿಯ ಮಾವನ ಎರೆ ಹೊಲಕ್ಕೂ ಒಂದು. ಊರು ಉದ್ಧಾರ ಆಗುತ್ತದೆ ಅಂತ ಏಜೆಂಟರ ಮಾತು. ಹೌದೇ? ಹೊಲ ಮಾರುವುದೋ, ಲೀಸಿಗೆ ಕೊಡುವುದೋ?
(ಓದುಗಾರ್ತಿ, ಪಡುಬಿದ್ರಿ)

ಉತ್ತರ: ಪಡುಬಿದ್ರಿಯವರಿಗೆ ಫ್ಯಾನಿನ ಗಾತ್ರ ನಾನು ಹೇಳಬೇಕಾಗಿಲ್ಲ. ನಿಮ್ಮ ಕಡೆಯ ಕಾರ್ಖಾನೆಯ ರೆಕ್ಕೆ ಹೊತ್ತ ಟ್ರೇಲರು ತಿರುವಿನಲ್ಲಿ ಒದ್ದಾಡುವುದನ್ನು ನೋಡಿರುತ್ತೀರಿ. ಹಿಂದೆ ಒಂದೂವರೆ ಮೆಗಾವಾಟಿನದೇ ದೊಡ್ಡದು, ಈಗ ಮೂರು ಮೆಗಾವಾಟಿನವು ಬರುತ್ತಿವೆ.

ಕರೆಂಟಿನ ಕೆಲಸದಲ್ಲೇ ಕೂದಲು ಬೆಳ್ಳಗಾದವನು ನಾನು, ಲೆಕ್ಕ ಹಾಕದೆ ಬಾಯಿ ತೆರೆಯಲಾರೆ. ವರ್ಷಕ್ಕೆ 8,760 ಗಂಟೆ, ಒಂದು ಮೆಗಾವಾಟ್ ಅಂದರೆ ಗಂಟೆಗೆ ಸಾವಿರ ಯೂನಿಟ್. ಮೂರು ಮೆಗಾವಾಟಿನ ಯಂತ್ರ ಸರಾಸರಿ ತನ್ನ ಶಕ್ತಿಯ ಕಾಲು ಭಾಗ ಕೊಟ್ಟರೂ ಸುಮಾರು 65 ಲಕ್ಷ ಯೂನಿಟ್. ಯೂನಿಟ್ಟಿಗೆ 3 ರೂಪಾಯಿ ಹಿಡಿಯಿರಿ, 2 ಕೋಟಿಯ ಹತ್ತಿರ ಹೋಯಿತು. ಇದೆಲ್ಲ ಲಾಭವಲ್ಲ, ಬ್ಯಾಂಕಿನ ಸಾಲ, ರಿಪೇರಿ ಎಲ್ಲವೂ ಇದರಲ್ಲೇ ಹೋಗಬೇಕು. ಆದರೂ ಶಾಲೆಗೆ ನಾಲ್ಕು ಬೆಂಚು, ಊರಬಾಗಿಲಿಗೆ ಕಂಪನಿ ಹೆಸರಿನ ಕಮಾನು ಕೊಟ್ಟು ಇದೇ ಉದ್ಧಾರ ಎಂದರೆ ಈ ಲೆಕ್ಕ ನೆನಪಿರಲಿ.

ಸ್ಕಾಟ್ಲೆಂಡಿನಲ್ಲಿ ಮೆಗಾವಾಟಿಗೆ ವರ್ಷಕ್ಕೆ 5,000 ಪೌಂಡ್ ಊರಿನ ನಿಧಿಗೆ ಕೊಡಬೇಕೆಂದು ಸರ್ಕಾರದ ಮಾರ್ಗಸೂಚಿ ಇದೆ. ನಮ್ಮ ದುಡ್ಡಿನಲ್ಲಿ 5 ಲಕ್ಷ ಮೀರುತ್ತದೆ. ಕಾಯಿದೆಯಲ್ಲ, ಆದರೂ ಅದೇ ರೂಢಿಯಾಗಿದೆ. ಗ್ಲಾಸ್ಗೋ ಹತ್ತಿರದ ವೈಟ್‌ಲೀಯಲ್ಲಿ 140 ಇದ್ದ ಯಂತ್ರಗಳನ್ನು 215ಕ್ಕೆ ಏರಿಸಿದರು. ಅಲ್ಲಿನ ದಾರಿಗಳಲ್ಲಿ ಜನ ಸೈಕಲ್ ಹೊಡೆಯುತ್ತಾರೆ. ನಮ್ಮಲ್ಲಿ ಗೇಟಿನ ಹತ್ತಿರ ಹೋದರೆ ವಾಚ್‌ಮನ್ ಸೀಟಿ ಊದುತ್ತಾನೆ! ನಮ್ಮ ಕಂಪನಿ ಕಾಯಿದೆಯಲ್ಲಿರುವುದು ಸಮಾಜಕ್ಕೆಂದು ಖರ್ಚು ಮಾಡಬೇಕಾದ ಹಣ, ಅಂದರೆ ಸಿಎಸ್‌ಆರ್, ಅದೂ ದೊಡ್ಡ ಕಂಪನಿಗಳಿಗೆ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2. ಅದು ಎರೆ ನಾಡಿನ ಹಳ್ಳಿಯಲ್ಲೇ ಖರ್ಚಾಗಬೇಕೆಂಬ ಕಡ್ಡಾಯವಿಲ್ಲ.

ಹಾಗಾಗಿ ಕೇಳುವ ಹೊತ್ತು ಇದೇ. ಮೊದಲ ಸಲ ಬಂದಾಗ ಊರಿಗೆ ಏನೂ ಗೊತ್ತಿರಲಿಲ್ಲ. ಈ ಸಲ ಲೈನು, ಸಬ್‌ಸ್ಟೇಷನ್, ರಸ್ತೆ ಎಲ್ಲ ಅಲ್ಲೇ ಇದೆ, ಕಂಪನಿಗೆ ಬೇರೆ ಗುಡ್ಡ ಹುಡುಕುವುದಕ್ಕಿಂತ ಇಲ್ಲೇ ಬೆಳೆಯುವುದು ಅಗ್ಗ. ಒಬ್ಬೊಬ್ಬರೇ ಸಹಿ ಹಾಕದೆ, ಮೊದಲು ಗ್ರಾಮಸಭೆಯಲ್ಲಿ ಕುಳಿತು ಮೆಗಾವಾಟಿಗೆ ವರ್ಷಕ್ಕೆ ಇಷ್ಟು ಎಂದು ಕೇಳಲಿ, ಬರವಣಿಗೆಯಲ್ಲಿ ಪಡೆಯಲಿ. ಕೆಲಸದ ಆಸೆಗೆ ಬೀಳುವುದು ಬೇಡ. ಕಟ್ಟುವಾಗ ಕೂಲಿ ಧಾರಾಳ, ಆಮೇಲೆ ಉಳಿಯುವುದು ಕೆಲವು ಟೆಕ್ನಿಷಿಯನ್ನರು, ವಾಚ್‌ಮನ್‌ಗಳು.

ಮಾವನವರ ಹೊಲ ಲೀಸಿಗೇ ಇರಲಿ. ಬುಡಕ್ಕೆ ಹೋಗುವ ಜಾಗ ಸ್ವಲ್ಪ, ಸುತ್ತ ಕಡಲೆ, ಜೋಳ ಬೆಳೆಯಬಹುದು. ಬಾಡಿಗೆ ಏರುತ್ತಾ ಹೋಗಬೇಕು. ಕಂಪನಿ ಕೈ ಬದಲಾದರೂ ಕರಾರು ನಿಲ್ಲಬೇಕು. ಆಯುಷ್ಯ ಮುಗಿದ ಯಂತ್ರ, ಕಾಂಕ್ರೀಟು ತೆಗೆಸುವವರು ಯಾರೆಂದು ಬರೆದಿರಬೇಕು. ಕ್ರೇನಿಗಾಗಿ ಎತ್ತರಿಸಿದ ರಸ್ತೆ ಮಳೆನೀರಿಗೆ ಅಡ್ಡ ನಿಂತರೆ ಮೇಲಿನ ಹೊಲ ಕೊಳೆಯುತ್ತದೆ, ಮೋರಿ ಎಲ್ಲಿ ಬೇಕೆಂದು ಮೊದಲೇ ತೋರಿಸಿ. ಮನೆಯಿಂದ 500 ಮೀಟರ್ ದೂರವಿರಬೇಕೆಂದು ಕೇಂದ್ರದ 2016ರ ಮಾರ್ಗಸೂಚಿ ಹೇಳಿತ್ತು, ಟೇಪು ಹಿಡಿದೇ ನೋಡಿ. ಸಹಿಗೆ ಮುಂಚೆ ಕಾಗದವನ್ನು ಗದಗದ ವಕೀಲರೊಬ್ಬರು ಓದಲಿ. ಏಜೆಂಟರು ಕರೆತಂದ ವಕೀಲರಲ್ಲ ಮತ್ತೆ.

ಪ್ರಶ್ನೆ: ನಮ್ಮ ಮನೆ ಕಾಪು ಕಡಲ ಬದಿ, ಸದಾ ಗಾಳಿ. ತಾರಸಿಗೆ ಸಣ್ಣ ಗಾಳಿಯಂತ್ರ ಹಾಕಲೇ?
(ಓದುಗರು, ಕಾಪು)

ಉತ್ತರ: ಬೇಡ ಮಾರಾಯ್ರೆ. ಗಾಳಿಯ ವೇಗ ಅರ್ಧವಾದರೆ ಸಿಗುವ ಶಕ್ತಿ ಎಂಟರಲ್ಲಿ ಒಂದು ಪಾಲು. ಸಂಜೆ ಬೆವರು ಒಣಗಿಸುವ ಗಾಳಿಗೆ ಮೀಟರು ತಿರುಗುವುದಿಲ್ಲ. ನಮ್ಮಲ್ಲಿ ಜೋರು ಗಾಳಿ ಮಳೆಗಾಲದಲ್ಲಿ ಮಾತ್ರ. ಆ ದುಡ್ಡಿಗೆ ಸೋಲಾರ್ ಹಾಕಿ, ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಉಪ್ಪುಗಾಳಿಗೆ ತುಕ್ಕು ಬೇಗ, ಸ್ಟ್ಯಾಂಡಿಗೆ ಒಳ್ಳೆಯ ಗ್ಯಾಲ್ವನೈಸ್ ಕಬ್ಬಿಣವನ್ನೇ ಕೇಳಿ.